ಬೇಲಿ ಸೊಪ್ಪಿಗೆ ಸೈಡ್ ಎಫೆಕ್ಟ್ ಇಲ್ಲ ಅಲ್ವಾ?

ಬೇಲಿ, ಧರೆ, ತೋಟದ ಬದುಗಳಲ್ಲಿ ತಾನಾಗಿ ಬೆಳೆಯುವ ಸೊಪ್ಪು ಬೇರುಗಳ ಮನೆಮದ್ದಿನ ಬಗ್ಗೆ ನನ್ನ ಹತ್ತಿರ ಮಾತಾಡುವವರು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. "ಅಜ್ಜಿ ಕಾಲದಿಂದ ಬಳಸಿದ್ದು ತಾನೇ? ಇದಕ್ಕೆಲ್ಲ ಸೈಡ್ ಎಫೆಕ್ಟ್ ಇಲ್ಲ ಅಲ್ವಾ?"

ಕೆಲವಕ್ಕೆ ಇಲ್ಲ ಅನ್ನುವಷ್ಟು ಕಡಿಮೆ. ಕೆಲವಕ್ಕೆ ಇದೆ, ಜಾಸ್ತಿಯೇ ಇದೆ. ಅಜ್ಜಿ ಬಳಸಿದ್ದರು ಅನ್ನುವುದು ದೊಡ್ಡ ಸಾಕ್ಷಿ. ಆದರೆ ಅದು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಅಂತ ನಾವು ಸ್ವಲ್ಪ ಬಿಡಿಸಿ ನೋಡಬೇಕು.

ಧೈರ್ಯವಾಗಿ ಹೌದು ಅನ್ನಬಹುದಾದ ಕಡೆಯಿಂದ ಶುರು ಮಾಡುತ್ತೇನೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೇಲಿಯ ಮದ್ದು ಬಹಳಷ್ಟು ಸಲ ಅಡುಗೆಯಾಗಿಯೇ ಹೊಟ್ಟೆಗೆ ಹೋಗುತ್ತದೆ. ಒಂದೆಲಗವನ್ನೇ ತೆಗೆದುಕೊಳ್ಳಿ. ಒಂದು ಹಿಡಿ ಸೊಪ್ಪನ್ನು ಚೆನ್ನಾಗಿ ತೊಳೆದು, ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಕುದಿಸುವುದಿಲ್ಲ. ಮೊದಲ ತುತ್ತು ಅನ್ನಕ್ಕೆ ಅದು. ಹೊಟ್ಟೆ ಕೆಟ್ಟರೆ ನೆಕ್ಕರೆ ಕುಡಿಯ ತಂಬುಳಿ. ಒಗರು ಇರುವ ಆ ಎಳೆ ಕುಡಿ ಭೇದಿಗೆ ಹಳೆಯ ಮದ್ದು. ಹೀಗೆ ತಿಂದಾಗ ಪ್ರಮಾಣ ತಾನಾಗಿಯೇ ಹದದಲ್ಲಿರುತ್ತದೆ. ಒಂದು ಹಿಡಿ ಸೊಪ್ಪು ಇಡೀ ಮನೆಗೆ ಹಂಚಿಹೋಗುತ್ತದೆ. ಯಾರೂ ಒಂದು ಪಾತ್ರೆ ತಂಬುಳಿಯನ್ನು ಒಬ್ಬರೇ ಕುಡಿಯುವುದಿಲ್ಲ. ದಿನಾ ಒಂದೇ ಸೊಪ್ಪನ್ನೂ ಮಾಡುವುದಿಲ್ಲ.

ಲಕ್ಕಿ ಸೊಪ್ಪು ಕೂಡ ಈ ಗುಂಪಿಗೇ. ದನ ತಿನ್ನುವುದಿಲ್ಲ ಅಂತ ಅದನ್ನು ಬೇಲಿಗೇ ನೆಡುತ್ತಾರೆ. ಶೀತಕ್ಕೆ ಹಬೆ, ಮೈಕೈ ನೋವಿಗೆ ಸೊಪ್ಪು ಕುದಿಸಿದ ಬಿಸಿನೀರಿನ ಸ್ನಾನ. ಹೊಟ್ಟೆಗೆ ಹೋಗದ ಮದ್ದು, ಹಾಗಾಗಿ ಚಿಂತೆ ಕಡಿಮೆ.

ಆಡುಸೋಗೆಗೆ ಬಂದರೆ ನಾನು ಸ್ವಲ್ಪ ಎಚ್ಚರವಾಗುತ್ತೇನೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಈ ಕಹಿಯನ್ನು ಆಡೂ ಬಿಟ್ಟು ಹೋಗುತ್ತದೆ. ಕಫ ಕಟ್ಟಿದ ಕೆಮ್ಮಿಗೆ ಇದರ ಎಲೆಯ ಕಷಾಯ ಸುಮ್ನೆ ನಂಬಿಕೆಯಲ್ಲ. ಇದರಲ್ಲಿರುವ ವ್ಯಾಸಿಸಿನ್ ಅನ್ನುವ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಅನ್ನುವ ಕೆಮ್ಮಿನ ಔಷಧ ತಯಾರಾಯಿತು. ಇಂದಿಗೂ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಅದು ಇದೆ. ಅದೇ ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವ ಗುಣವನ್ನೂ ಹೊಂದಿದೆ. ಬಸುರಿಯರು ಇದನ್ನು ಕುಡಿಯಲೇಬಾರದು. ಕೆಲಸ ಮಾಡುವ ಸೊಪ್ಪು ಅಂದಮೇಲೆ ಬೇಡದ ಕಡೆಯೂ ಕೆಲಸ ಮಾಡುತ್ತದೆ, ಅಲ್ವಾ?

ಹಾಗಾದರೆ ಹಿರಿಯರ ಅನುಭವ ಏನನ್ನು ಕಂಡಿತ್ತು? ಬೇಗ ಕೊಲ್ಲುವ ವಿಷವನ್ನು ಬಹಳ ಚೆನ್ನಾಗಿ ಕಂಡಿತ್ತು. ಕರಾವಳಿಯ ಆಟಿ ಅಮಾವಾಸ್ಯೆ ನೋಡಿ. ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅರೆದು ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕಾಯಿಸಿದ ಬೆಣಚುಕಲ್ಲು ಅದ್ದಿ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ವರ್ಷಕ್ಕೆ ಒಂದೇ ದಿನ, ಸ್ವಲ್ಪವೇ. ಅದೇ ಕಾಡಿನಲ್ಲಿ ಕಾಸರಕದ ಮರವೂ ಇರುತ್ತದೆ. ಅದರಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಅನ್ನುವ ಘೋರ ವಿಷಗಳಿವೆ. ಕತ್ತಲಲ್ಲಿ ಮರ ತಪ್ಪಿದರೆ ಜೀವಕ್ಕೇ ಸಂಚಕಾರ. ಅದಕ್ಕೇ ತಿಳಿದವರು ಹಗಲಿನಲ್ಲೇ ಹೋಗಿ ಮರ ನೋಡಿ ಗುರುತು ಮಾಡಿ ಬರುತ್ತಾರೆ. ಹಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ಗುಂಪಾಗಿರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆಗಳು ಎದುರುಬದುರು ಜೋಡಿ, ಬುಡದಿಂದಲೇ ಮೂರೋ ಐದೋ ದಪ್ಪ ನರಗಳು, ಹಾಲು ಇಲ್ಲ. ಈ ವ್ಯತ್ಯಾಸವನ್ನು ಮರದ ಕೆಳಗೆ ನಿಂತು ತೋರಿಸಲು ಬಾರದವರ ಕೈಯಿಂದ ಕಷಾಯ ಕುಡಿಯಬೇಡಿ.

ನಿಧಾನವಾಗಿ ಕೊಲ್ಲುವ ವಿಷ ಮಾತ್ರ ಯಾರ ಅಜ್ಜಿಗೂ ಕಾಣುವಂಥದ್ದಲ್ಲ. ನನ್ನ ಉತ್ತರದ ಮುಖ್ಯ ಭಾಗ ಇದೇ. ಬೇಲಿಗೆ ಹಬ್ಬುವ ಈಶ್ವರಿ ಬಳ್ಳಿಯನ್ನು ಹೊಟ್ಟೆನೋವಿಗೆ, ಹಾವಿನ ಕಡಿತಕ್ಕೆ ತಲೆತಲಾಂತರದಿಂದ ಕೊಟ್ಟಿದ್ದಾರೆ. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆ ತೆಗೆದುಕೊಂಡ ಹಲವು ಹೆಂಗಸರ ಕಿಡ್ನಿ ಹಾಳಾಯಿತು. ಹುಡುಕಿದಾಗ ಸಿಕ್ಕಿದ್ದು ಇದೇ ಜಾತಿಯ ಇನ್ನೊಂದು ಗಿಡ, ಬೇರೆ ಮೂಲಿಕೆಯ ಜಾಗದಲ್ಲಿ ಸೇರಿಹೋಗಿತ್ತು. ಅವರಲ್ಲಿ ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಡಾನ್ಯೂಬ್ ನದಿಯ ಬಯಲಿನ ಹಳ್ಳಿಗಳಲ್ಲೂ ಇಂಥದ್ದೇ ಕಿಡ್ನಿ ಕಾಯಿಲೆ ಇತ್ತು. ಗೋಧಿ ಹೊಲದಲ್ಲಿ ಕಳೆಯಾಗಿ ಬೆಳೆದ ಇದೇ ಜಾತಿಯ ಗಿಡದ ಬೀಜ ಹಿಟ್ಟಿಗೆ ಸೇರುತ್ತಿದ್ದುದು ಅದಕ್ಕೆ ಕಾರಣ ಅಂತ ತಿಳಿಯಲು ದಶಕಗಳೇ ಬೇಕಾದವು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಜಾತಿಯ ಗಿಡಗಳಿರುವ ಮದ್ದುಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವವು ಅಂತಲೇ ಪಟ್ಟಿ ಮಾಡಿತು.

ಯೋಚಿಸಿ. ಇವತ್ತು ಎಲೆ ಜಗಿದು ಹೊಟ್ಟೆನೋವು ನಿಂತರೆ ಅದು ಮದ್ದಿನ ಲೆಕ್ಕಕ್ಕೆ. ಇಪ್ಪತ್ತು ವರ್ಷ ಕಳೆದು ಕಿಡ್ನಿ ಹೋದರೆ ಆ ಎಲೆಯನ್ನು ಯಾರು ನೆನೆಸಿಕೊಳ್ಳುತ್ತಾರೆ? ಇದು ಹಿರಿಯರ ತಪ್ಪಲ್ಲ. ಕಣ್ಣಿಗೆ ಕಾಣುವಷ್ಟನ್ನು ಅವರು ಬಹಳ ಶ್ರದ್ಧೆಯಿಂದ ನೋಡಿದ್ದರು. ನಿಮ್ಮ ಬೇಲಿಯಲ್ಲಿ ಈಶ್ವರಿ ಬಳ್ಳಿ ಇದ್ದರೆ ದಯವಿಟ್ಟು ಕಡಿಯಬೇಡಿ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಜಾತಿಯ ಬಳ್ಳಿಗಳ ಮೇಲೆ. ಅದರ ಹುಳ ಆ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡೇ ಹಕ್ಕಿಗಳಿಂದ ಬಚಾವಾಗುತ್ತದೆ. ಬಳ್ಳಿ ಚಿಟ್ಟೆಗಿರಲಿ. ಹಾವು ಕಡಿದರೆ ಸೀದಾ ಆಸ್ಪತ್ರೆಗೆ ಹೋಗಿ.

ಅಮೃತಬಳ್ಳಿಯ ಕಥೆ ಬೇರೆ. ಜ್ವರ ಬಂದಾಗ ನಾಲ್ಕು ದಿನ ಕುಡಿಯುತ್ತಿದ್ದ ಕಷಾಯವನ್ನು ಕೊರೋನಾ ಕಾಲದಲ್ಲಿ ಜನ ಕಾಯಿಲೆ ಇಲ್ಲದೆಯೂ ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಹಾಗೆ ಕುಡಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಬಳ್ಳಿಯ ಗುರುತು ಸರಿಯಾಗಿ ಆಗಿಲ್ಲ, ನೋಡಲು ಹಾಗೇ ಇರುವ ಬೇರೆ ಜಾತಿಯೂ ಇರಬಹುದು ಅಂದಿತು. ಯಾರ ಮಾತು ಸರಿ ಅಂತ ಜಗಳಕ್ಕೆ ನಾನು ಇಳಿಯುವುದಿಲ್ಲ. ಎರಡೂ ಮಾತು ನಮಗೆ ಬೇಕಾದವೇ. ಗುರುತು ಸಿಗದೆ ಕೀಳಬಾರದು. ಅಜ್ಜಿಯ ಹೆಸರು ಹೇಳಿಕೊಂಡು ಅಜ್ಜಿ ಎಂದೂ ಕೊಡದಷ್ಟು ಕುಡಿಯಬಾರದು.

ಕಾಮಾಲೆಗೆ ನೆಲನೆಲ್ಲಿ ಅಂತ ತುಂಬಾ ಜನ ಕೇಳುತ್ತಾರೆ. ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಯಾವ ಮದ್ದು ಕೊಟ್ಟರೂ ಹೆಸರು ಅದಕ್ಕೇ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಕೂಡ ಈ ಗಿಡದ ಬೆನ್ನು ಹತ್ತಿದ್ದರು. ಮದ್ರಾಸಿನ ಸಂಶೋಧಕರ ಜೊತೆ ಅವರು ಮಾಡಿದ ಅಧ್ಯಯನ 1988ರಲ್ಲಿ ಬಂದಾಗ ಫಲ ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿತ್ತು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಅದು ಮತ್ತೆ ಸಿಗಲಿಲ್ಲ. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಪಿತ್ತನಾಳದಲ್ಲಿ ಕಲ್ಲು ಕೂತಿದ್ದರೆ ಯಾವ ಸೊಪ್ಪೂ ಅದನ್ನು ತೆಗೆಯುವುದಿಲ್ಲ.

ಇನ್ನು ಎಲ್ಲಿ ಕೀಳಬೇಕು ಅನ್ನುವುದು. ಇದನ್ನು ಯಾರೂ ಕೇಳುವುದಿಲ್ಲ, ನಾನಾಗಿಯೇ ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ಹೊಡೆಯುತ್ತಾರೆ. ಆ ಮೈಲುತುತ್ತ, ಸುಣ್ಣ ಎಲ್ಲ ಕೆಳಗಿನ ಒಂದೆಲಗದ ಮೇಲೂ ಬೀಳುತ್ತದೆ. ಈಗ ಬೇಲಿ ಸಾಲಿಗೆ ಕಳೆನಾಶಕ ಹೊಡೆಯುವವರೂ ಜಾಸ್ತಿಯಾಗಿದ್ದಾರೆ. ಪೇಟೆಯಲ್ಲಿ ಚರಂಡಿ ಪಕ್ಕ ಒಂದೆಲಗ ಸೊಂಪಾಗಿ ಬೆಳೆದಿರುತ್ತದೆ, ಆದರೆ ಅದು ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನೂ ಹೀರಿಕೊಳ್ಳುತ್ತದೆ. ಅಲ್ಲಿಂದ ಕೀಳಬೇಡಿ. ಒಳ್ಳೆಯ ಜಾಗದಿಂದ ಬೇರು ಸಮೇತ ಒಂದೆರಡು ಬಳ್ಳಿ ತಂದು ಅಗಲ ಕುಂಡದಲ್ಲಿ ನೆಟ್ಟು, ನೆರಳಲ್ಲಿಟ್ಟು, ಮಣ್ಣು ಒಣಗದಂತೆ ನೀರು ಹಾಕಿ. ತಂಬುಳಿಗೆ ಆಗುವಷ್ಟು ಸೊಪ್ಪು ಮನೆಯಲ್ಲೇ ಸಿಗುತ್ತದೆ.