ಎಷ್ಟು ವ್ಯಾಟ್ ಎನ್ನುವ ಮುನ್ನ ಎಲ್ಲಿ ನುಡಿಸುವುದು ಎಂದು ಕೇಳಬೇಕು

ಬೆಂಗಳೂರಿನ ಒಂದು ಸಂಗೀತ ವಾದ್ಯಗಳ ಅಂಗಡಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಬೆಳಗಿನ ಹೊತ್ತು ಹಿಂಬದಿಯ ರಿಪೇರಿ ಮೇಜು, ಮಧ್ಯಾಹ್ನದ ಮೇಲೆ ಮುಂಬದಿಯ ಕೌಂಟರ್. ಹೊಸ ಆಂಪ್ಲಿಫೈಯರ್ ಮಾರುವವನೂ ಅದು ಕೆಟ್ಟು ಬಂದಾಗ ತಿರುಪು ಬಿಚ್ಚುವವನೂ ನಾನೇ ಆಗಿರುವುದರಿಂದ, ಜನ ಯಾವ ಆಸೆಯಿಂದ ಏನನ್ನು ಕೊಳ್ಳುತ್ತಾರೆ, ಕೊಂಡದ್ದರಲ್ಲಿ ಎಷ್ಟನ್ನು ನಿಜವಾಗಿ ಬಳಸುತ್ತಾರೆ ಎಂಬುದು ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೊ ಆಂಪ್ ಒಂದನ್ನು ಕೊಳ್ಳಲು 15,000ದಿಂದ 35,000 ರೂಪಾಯಿಯವರೆಗೆ ಹೊಂದಿಸಿಕೊಂಡು ಬರುವ ಗಿಟಾರ್ ವಾದಕರಿಗೆ, ಈ ಎರಡು ಕೆಲಸಗಳ ಅನುಭವದಿಂದ ಹೇಳಬಹುದಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬರುವವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ವ್ಯಾಟ್‌ನದು. ನಾನು ಅದಕ್ಕೆ ಉತ್ತರಿಸುವ ಮುನ್ನ, ವಾರದಲ್ಲಿ ಹೆಚ್ಚು ಹೊತ್ತು ಎಲ್ಲಿ ನುಡಿಸುತ್ತೀರಿ, ಪಕ್ಕದ ಮನೆಯವರ ಗೋಡೆ ಎಷ್ಟು ಹತ್ತಿರವಿದೆ ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆಯೇ ಉಳಿದದ್ದೆಲ್ಲ ನಿಂತಿದೆ, ಏಕೆಂದರೆ ವ್ಯಾಟ್ ಹೆಚ್ಚಾದ ಪ್ರಮಾಣದಲ್ಲಿ ಕಿವಿಗೆ ಕೇಳಿಸುವ ಸದ್ದು ಹೆಚ್ಚಾಗುವುದಿಲ್ಲ. ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಹಾಗಾಗಿ 50 ವ್ಯಾಟ್‌ನ ಆಂಪ್ 25 ವ್ಯಾಟ್‌ನದಕ್ಕಿಂತ ಎರಡು ಪಟ್ಟು ಜೋರಾಗಿರುತ್ತದೆ ಎಂಬ ನಂಬಿಕೆ ಸರಿಯಲ್ಲ. ಸ್ಪೀಕರ್ ಒಂದೇ ಆಗಿದ್ದರೆ ಎರಡರ ನಡುವಿನ ಅಂತರ ಸ್ವಲ್ಪವೇ.

ಮನೆಯ ಕೋಣೆಯ ಲೆಕ್ಕವಂತೂ ಇನ್ನೂ ವಿಚಿತ್ರವಾದುದು. ಗಿಟಾರ್ ಸ್ಪೀಕರುಗಳ ಸೂಕ್ಷ್ಮತೆಯನ್ನು ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಎಂದು ಅಳೆಯುತ್ತಾರೆ. ಅದು 97 ಡೆಸಿಬೆಲ್ ಇರುವ ಸ್ಪೀಕರಿನಲ್ಲಿ ಒಂದೇ ವ್ಯಾಟ್ ಹರಿದರೂ ಮನೆಮಂದಿ ಬಾಗಿಲು ಬಡಿಯುವಷ್ಟು ಸದ್ದಾಗುತ್ತದೆ. ಸ್ವಲ್ಪ ಜೋರಾಗಿ ಹಾಕಿದ ಟಿ.ವಿ.ಯ ಮಟ್ಟಕ್ಕೆ, ಎಂದರೆ 77 ಡೆಸಿಬೆಲ್‌ಗೆ ಇಳಿಯಬೇಕಾದರೆ ಆ ಸ್ಪೀಕರಿಗೆ ಸಿಗಬೇಕಾದದ್ದು ಒಂದು ವ್ಯಾಟ್‌ನ ನೂರರಲ್ಲಿ ಒಂದು ಪಾಲು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಎಂಬ ಮಿತಿ ಇಟ್ಟಿವೆ. ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ವಾಸಿಸುವವರು 100 ವ್ಯಾಟ್‌ನ ಆಂಪ್ ಕೇಳಿದಾಗ ನಾನು ಈ ಲೆಕ್ಕವನ್ನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸುವುದುಂಟು.

ಹೆಚ್ಚು ಶಕ್ತಿ ಇದ್ದರೇನಂತೆ, ಕಡಿಮೆ ಇಟ್ಟುಕೊಂಡು ನುಡಿಸಿದರಾಯಿತು ಎನ್ನುವವರಿದ್ದಾರೆ. ಕಷ್ಟ ಇರುವುದು ಅಲ್ಲಿಯೇ. ಶಕ್ತಿ ಹೆಚ್ಚಿರುವ ಕೆಲವು ಆಂಪ್‌ಗಳಲ್ಲಿ ವಾಲ್ಯೂಮ್ ಗುಂಡಿ ಸೊನ್ನೆಯಿಂದ ಒಂದಕ್ಕೆ ಹೋಗುವಷ್ಟರಲ್ಲಿಯೇ ಮನೆ ತುಂಬಾ ಕೇಳಿಸುತ್ತದೆ. ಏನೂ ಕೇಳಿಸದ ಜಾಗಕ್ಕೂ ಅತಿಯಾಗಿ ಕೇಳಿಸುವ ಜಾಗಕ್ಕೂ ನಡುವೆ ಗುಂಡಿಯನ್ನು ನಿಲ್ಲಿಸಲು ಕೂದಲೆಳೆಯಷ್ಟು ಎಡೆಯೂ ಇರುವುದಿಲ್ಲ. ಇದಲ್ಲದೆ, ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಹೆಚ್ಚು ಕ್ಷೀಣವಾಗಿ ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಕಾಲೇಜಿನ ವೇದಿಕೆಯಲ್ಲಿ ತುಂಬಿ ಬಂದ ನಾದ ಮನೆಯಲ್ಲಿ ಬಡಕಲಾಗುವುದಕ್ಕೂ, ಮನೆಯಲ್ಲಿ ರಾತ್ರಿ ಕುಳಿತು ಬಾಸ್ ಏರಿಸಿ ಹೊಂದಿಸಿದ ನಾದ ವೇದಿಕೆಯಲ್ಲಿ ಬರೀ ಗುಮ್ಮೆನ್ನುವುದಕ್ಕೂ ಇದೇ ಮುಖ್ಯ ಕಾರಣ. ಆದ್ದರಿಂದ ಯಾವ ಮಟ್ಟದ ಸದ್ದಿನಲ್ಲಿ ದಿನವೂ ನುಡಿಸುತ್ತೀರೋ ಅದೇ ಮಟ್ಟದಲ್ಲಿ ಆಂಪನ್ನು ಅಂಗಡಿಯಲ್ಲಿ ಕೇಳಿ ನೋಡಬೇಕು. ಅಂಗಡಿಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಎಲ್ಲರಿಗೂ ಅಲ್ಲಿ ಜೋರಾಗಿ ನುಡಿಸುವ ಅವಕಾಶ ಸಿಕ್ಕಿದ್ದೇ ಹಬ್ಬ.

ಕಳೆದ ಮಳೆಗಾಲದಲ್ಲಿ ತಂದೆ ಮಗಳು ಬಂದಿದ್ದರು. ಮಗಳು ಪಿಯುಸಿ ಓದುತ್ತಿದ್ದಳು, ಸ್ವಂತ ಗಿಟಾರನ್ನು ಜೊತೆಗೇ ತಂದಿದ್ದಳು. ಅದು ಒಳ್ಳೆಯ ಅಭ್ಯಾಸ, ಅಂಗಡಿಯ ದುಬಾರಿ ಗಿಟಾರಿನಲ್ಲಿ ನುಡಿಸಿ ಆಂಪ್ ಆರಿಸಿದರೆ ಮನೆಗೆ ಹೋದ ಮೇಲೆ ಅದೇ ನಾದ ಬರುವುದಿಲ್ಲ. ತಂದೆಯ ಯೋಚನೆ ಬೇರೆಯಾಗಿತ್ತು.

“ಮುಂದೆ ಬ್ಯಾಂಡ್ ಮಾಡ್ತೀನಿ ಅಂತಾಳೆ ಸರ್. ದೊಡ್ಡದೇ ತಗೊಂಡುಬಿಟ್ರೆ ಒಂದೇ ಸಲಕ್ಕೆ ಮುಗೀತಲ್ವಾ?”

“ಬ್ಯಾಂಡ್ ಪ್ರಾಕ್ಟೀಸ್ ಮನೇಲೇ ಮಾಡ್ತಾರಾ ಸರ್?”

“ಇಲ್ಲ ಅಪ್ಪಾ, ಕಾಲೇಜಲ್ಲಿ. ಅಲ್ಲಿ ಆಗಲೇ ಆಂಪ್ ಇದೆ,” ಎಂದಳು ಮಗಳು.

ಆರೆಂಜ್ ಕಂಪನಿಯ ಕ್ರಶ್ 20 ಮತ್ತು ಬಾಸ್ (Boss) ಕಂಪನಿಯ ಕಟಾನಾ 50 ಎಂಬ ಎರಡು ಆಂಪ್‌ಗಳನ್ನೂ ಪಕ್ಕಪಕ್ಕದಲ್ಲಿ, ನೆಲದ ಮೇಲಲ್ಲ, ಎರಡು ಸ್ಟೂಲ್‌ಗಳ ಮೇಲೆ ಇಟ್ಟೆ. ಸ್ಪೀಕರಿನಿಂದ ಹೊರಡುವ ಮೇಲಿನ ಸ್ವರಗಳು ನೇರವಾಗಿ ಮುಂದಕ್ಕೇ ಹೋಗುವುದರಿಂದ, ನೆಲದ ಮೇಲಿಟ್ಟ ಆಂಪ್ ನಿಂತವರ ಮೊಣಕಾಲಿಗೆ ನುಡಿಸುತ್ತಿರುತ್ತದೆ, ಕಿವಿಗೆ ಮಂಕಾಗಿ ಕೇಳಿಸುತ್ತದೆ. ಅದಕ್ಕೆಂದು ಟ್ರೆಬಲ್ ಏರಿಸಿಕೊಂಡರೆ ಎದುರಿಗೆ ಕುಳಿತವರ ಕಿವಿ ಚುಚ್ಚುತ್ತದೆ. ಎರಡರಲ್ಲೂ ಒರಟುತನ ಬೆರೆಸದ ಕ್ಲೀನ್ ಚಾನೆಲ್, ಬಾಸ್, ಮಿಡ್, ಟ್ರೆಬಲ್ ಗುಂಡಿಗಳು ನಡುವಿನಲ್ಲಿ, ಮಾರ್ದನಿ ಸೇರಿಸುವ ರಿವರ್ಬ್ ಪೂರ್ತಿ ಬಂದ್. ಆಕೆಗೆ ಇ ಮೇಜರ್ ಕಾರ್ಡನ್ನು ನಿಧಾನವಾಗಿ, ಒಂದೊಂದು ತಂತಿಯೂ ಬೇರೆಯಾಗಿ ಕೇಳುವಂತೆ ಮೀಟಲು ಹೇಳಿದೆ. ಆರು ತಂತಿಗಳೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆಯೋ, ಕೆಳಗಿನ ಎರಡು ಸೇರಿ ಉಂಡೆಯಾಗುತ್ತವೆಯೋ ಎಂಬುದು ಈ ಒಂದೇ ಮೀಟಿನಲ್ಲಿ ತಿಳಿಯುತ್ತದೆ. ಆಮೇಲೆ ಗಿಟಾರಿನಲ್ಲೇ ಇರುವ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕೆ ಇಳಿಸಿ ಅದೇ ಕಾರ್ಡ್. ಕೊನೆಗೆ ನಾದವನ್ನು ಒಡೆದು ಒರಟಾಗಿಸುವ ಡಿಸ್ಟಾರ್ಷನ್ ಹಾಕಿ, ನಾವು ಮೂವರು ದನಿ ಎತ್ತರಿಸದೆ ಮಾತಾಡಬಹುದಾದಷ್ಟು ಸದ್ದಿಗೆ ಇಳಿಸಿ ಮತ್ತೊಮ್ಮೆ.

ಜೋರಾಗಿ ನುಡಿಸಿದಾಗ ಆಕೆಗೆ ಹಿಡಿಸಿದ್ದು ಕ್ರಶ್. ಅದು ಪೂರ್ತಿ ಅನಲಾಗ್, ಗುಂಡಿಗಳು ಕಡಿಮೆ, ಡಿಸ್ಟಾರ್ಷನ್ ಒರಟಾಗಿ ಚೆನ್ನಾಗಿದೆ. ಸದ್ದು ಇಳಿಸಿದಾಗ ಆಕೆಯ ಮನಸ್ಸು ಬದಲಾಯಿತು. ಕಟಾನಾ 50ರಲ್ಲಿ ಶಕ್ತಿಯನ್ನು 50 ವ್ಯಾಟ್‌ನಿಂದ 25ಕ್ಕೆ, ಅಲ್ಲಿಂದ 0.5 ವ್ಯಾಟ್‌ಗೆ ಇಳಿಸುವ ಗುಂಡಿಯಿದೆ. ಅರ್ಧ ವ್ಯಾಟ್‌ಗೆ ತಿರುಗಿಸಿದಾಗ ವಾಲ್ಯೂಮನ್ನು ಸಾವಕಾಶವಾಗಿ ಹೊಂದಿಸಲು ಎಡೆ ಸಿಕ್ಕಿತು, ಕಾರ್ಡಿನ ತೂಕವೂ ಉಳಿಯಿತು. ಅದನ್ನೇ ಕೊಂಡುಹೋದರು. ಇದರರ್ಥ ಅದು ಎಲ್ಲರಿಗೂ ಸರಿ ಎಂದಲ್ಲ. ಕೆಲವೇ ದಿನಗಳ ನಂತರ, ಪಿಜಿಯ ಹಂಚಿಕೆಯ ಕೋಣೆಯಲ್ಲಿ ಮಂಚದ ಕೆಳಗೆ ಹಿಡಿಸಬೇಕು, ಹೆಡ್‌ಫೋನಿನಲ್ಲೇ ಹೆಚ್ಚು ನುಡಿಸುವುದು ಎಂದ ಹುಡುಗನಿಗೆ ಸಣ್ಣದಾದ ಕ್ರಶ್ ಸರಿಹೊಂದಿತು.

ತಂದೆ ಮಗಳು ಬಂದ ದಿನ ಕೇಳಿಸಿದ ವ್ಯತ್ಯಾಸದಲ್ಲಿ ಶಕ್ತಿಯ ಗುಂಡಿಯಷ್ಟೇ ಪಾಲು ಸ್ಪೀಕರಿನ ಅಳತೆಯದೂ ಇತ್ತು. ಕ್ರಶ್‌ನಲ್ಲಿ 8 ಇಂಚು, ಕಟಾನಾದಲ್ಲಿ 12. ವ್ಯಾಸ ಒಂದೂವರೆ ಪಟ್ಟು, ಆದರೆ ಗಾಳಿಯನ್ನು ತಳ್ಳುವ ಕಾಗದದ ವಿಸ್ತೀರ್ಣ ಎರಡೂ ಕಾಲು ಪಟ್ಟು. ಪೆಟ್ಟಿಗೆಯೂ ದೊಡ್ಡದಾಗುವುದರಿಂದ ಕೆಳಗಿನ ಸ್ವರಗಳಿಗೆ ನೆಲೆ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಬೆಲೆಯಲ್ಲಿ ಹಣ ಹಾಕಬೇಕಾದ ಮೊದಲ ಜಾಗ ಸ್ಪೀಕರ್. ಇಡಲು ಸ್ಥಳವಿದ್ದರೆ 12 ಇಂಚು, ಇಲ್ಲದಿದ್ದರೆ ಆರೆಂಜ್ ಕ್ರಶ್ 35ಆರ್‌ಟಿ ಅಥವಾ ಮಾರ್ಷಲ್ ಎಂಜಿ30ರಂತಹವುಗಳಲ್ಲಿರುವ 10 ಇಂಚು. ಫೆಂಡರ್ ಚಾಂಪಿಯನ್ ಸಾಲಿನಲ್ಲಿಯೂ ಇದೇ ಭೇದವಿದೆ: ಚಾಂಪಿಯನ್ 20ಕ್ಕೆ 8 ಇಂಚು, ಚಾಂಪಿಯನ್ 40ಕ್ಕೆ 12. ಇವೆರಡರ ನಡುವೆ ಆರಿಸುವಾಗ ಜನ 20 ವ್ಯಾಟ್, 40 ವ್ಯಾಟ್ ಎಂದು ಚರ್ಚಿಸುತ್ತಾರೆ, ಆದರೆ ಕಿವಿಗೆ ಕೇಳಿಸುವ ವ್ಯತ್ಯಾಸದ ದೊಡ್ಡ ಪಾಲು ಸ್ಪೀಕರಿನದು.

ಟ್ರಾನ್ಸಿಸ್ಟರಿನ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ ಸದ್ದು ಹೆಚ್ಚಿಸುವ ವಾಲ್ವ್ ಆಂಪ್‌ನ ಪ್ರಶ್ನೆ ಖಂಡಿತ ಬರುತ್ತದೆ, ಅಂತರ್ಜಾಲದಲ್ಲಿ ಅದನ್ನು ಹೊಗಳದವರಿಲ್ಲ. ವಾಕ್ಸ್ ಎಸಿ15, ಫೆಂಡರ್ ಬ್ಲೂಸ್ ಜೂನಿಯರ್ ಎರಡೂ 15 ವ್ಯಾಟ್‌ನವು, ಎರಡರಲ್ಲೂ ಇಎಲ್84 ವಾಲ್ವ್‌ಗಳ ಜೋಡಿ ಇದೆ, ಎರಡೂ ಸೊಗಸಾದ ಯಂತ್ರಗಳು. ಆದರೆ ಹೊಸದಾಗಿ ಕೊಂಡರೆ ಈ ಬಜೆಟ್ಟಿನೊಳಗೆ ಬರುವುದಿಲ್ಲ; ಹಳೆಯದು ಸಿಕ್ಕರೂ ವಾಲ್ವ್ ಸವೆದಾಗ ಹೊಂದಿಕೆಯಾದ ಜೋಡಿಯನ್ನೇ ಹುಡುಕಿ ತರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಜನ ಮೆಚ್ಚುವ ಆ ವಾಲ್ವ್ ನಾದ ಹೊರಡುವುದು ಆಂಪನ್ನು ಅದರ ಶಕ್ತಿಯ ಅಂಚಿನವರೆಗೆ ದುಡಿಸಿದಾಗ. 15 ವ್ಯಾಟ್ ಆದರೂ ಅದನ್ನು ಹಾಗೆ ದುಡಿಸಲು ಜಯನಗರದ ಮನೆಯೊಂದರ ಹಾಲ್‌ನಲ್ಲಿ ಸಾಧ್ಯವಿಲ್ಲ. ಟ್ರಾನ್ಸಿಸ್ಟರ್ ಎಂದರೆ ಎರಡನೆಯ ದರ್ಜೆ ಎಂಬ ಅಳುಕಿರುವವರಿಗೆ ರೋಲ್ಯಾಂಡ್ ಜೆಸಿ-120ನ್ನು ನೆನಪಿಸುತ್ತೇನೆ: 1975ರಿಂದ ಇಂದಿನವರೆಗೆ ವೇದಿಕೆಗಳಲ್ಲಿ ಕ್ಲೀನ್ ನಾದಕ್ಕೆ ಮಾದರಿಯಾಗಿ ನಿಂತಿರುವ ಅದರೊಳಗೆ ಒಂದು ವಾಲ್ವ್ ಕೂಡ ಇಲ್ಲ.

ಫೆಂಡರ್ ಮಸ್ಟ್ಯಾಂಗ್ ಎಲ್‌ಟಿ25ರಂತಹ ಮಾಡೆಲಿಂಗ್ ಆಂಪ್‌ಗಳು ಹತ್ತಾರು ಪ್ರಸಿದ್ಧ ಆಂಪ್‌ಗಳ ನಾದವನ್ನು ಡಿಜಿಟಲ್ ಲೆಕ್ಕದಿಂದ ಅನುಕರಿಸುತ್ತವೆ. ಕಲಿಯುವವರಿಗೆ ಇವು ಉಪಯುಕ್ತ: ಎಫೆಕ್ಟ್ ಪೆಡಲ್‌ಗಳ ಖರ್ಚು ಉಳಿಯುತ್ತದೆ, ಯುಎಸ್‌ಬಿ ಮೂಲಕ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಬಹುದು. ಆದರೆ ಮೊದಲೇ ಹೊಂದಿಸಿಟ್ಟ ನಾದಗಳ, ಎಂದರೆ ಪ್ರಿಸೆಟ್‌ಗಳ ಸಂಖ್ಯೆ ನೋಡಿ ಮಾತ್ರ ಆರಿಸಬಾರದು. ರಿಪೇರಿಗೆ ಬಂದ ಆಂಪ್ ಆನ್ ಮಾಡಿದಾಗ ಅದು ಕೊನೆಯ ಬಾರಿ ಯಾವ ಪ್ರಿಸೆಟ್‌ನಲ್ಲಿತ್ತೋ ಅದೇ ತೆರೆಯುವುದುಂಟು. ಬಂದವರನ್ನು ಕೇಳಿದರೆ, ತಾವು ಬಳಸುವುದು ಮೂರೋ ನಾಲ್ಕೋ ಮಾತ್ರ ಎನ್ನುತ್ತಾರೆ.

ರಿಪೇರಿ ಮೇಜಿಗೆ ಬರುವ ದೂರುಗಳಲ್ಲಿ ಒಳಗಿನ ಚಿಪ್ ಸುಟ್ಟದ್ದು ಅಪರೂಪ. ಗಿಟಾರ್ ಕೇಬಲ್ ಚುಚ್ಚುವ ಜಾಕ್ ಸಡಿಲವಾಗಿರುವುದೇ ಹೆಚ್ಚು. ಜಾಕ್ ನೇರವಾಗಿ ಸರ್ಕ್ಯೂಟ್ ಬೋರ್ಡಿಗೆ ಬೆಸೆದಿದ್ದು, ಹೊರಗೆ ಲೋಹದ ನಟ್ಟಿನ ಬಿಗಿತವಿಲ್ಲದಿದ್ದರೆ, ಕೇಬಲ್ ಮೇಲೆ ಯಾರಾದರೂ ಎಡವಿದಾಗಲೆಲ್ಲ ಪೆಟ್ಟು ಬೆಸುಗೆಗೆ ಬೀಳುತ್ತದೆ. ಕೊಳ್ಳುವಾಗ ಕೇಬಲ್ ಚುಚ್ಚಿ ಮೆಲ್ಲಗೆ ಅಲುಗಿಸಿ ನೋಡಿ. ಕರಾವಳಿಯಿಂದ ಬರುವ ಆಂಪ್‌ಗಳಲ್ಲಿ ಜಾಕಿಗೆ ತುಕ್ಕು ಹಿಡಿದಿರುತ್ತದೆ, ಗುಂಡಿಗಳು ಕರಕರ ಎನ್ನುತ್ತವೆ; ಇದು ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ಬಹಳಮಟ್ಟಿಗೆ ಸರಿಹೋಗುತ್ತದೆ.

‘ಆಂಪ್ ಗುಂಯ್‌ಗುಡುತ್ತದೆ’ ಎಂಬುದು ಇನ್ನೊಂದು ದೂರು. ನನ್ನ ಮೇಜಿನ ಮೇಲೆ ಆ ಸದ್ದೇ ಇರುವುದಿಲ್ಲ. ವಿಚಾರಿಸಿದರೆ ಮನೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲ, ಇಲ್ಲವೇ ಕರೆಂಟ್ ಹೋದಾಗ ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ನುಡಿಸುತ್ತಿರುತ್ತಾರೆ. ಗಿಟಾರಿನ ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಅದು ಸಹಜ. ಮುಟ್ಟಿದಾಗ ಬೆರಳು ಜುಮ್ಮೆಂದರೆ ಕೂಡಲೇ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ನನ್ನು ಕರೆಯಬೇಕು. ಗುಂಯ್ ನಿಲ್ಲಲಿ ಎಂದು ಮೂರನೆಯ ಪಿನ್ನನ್ನು ಕತ್ತರಿಸಿಕೊಂಡು ಬಂದವರನ್ನೂ ನೋಡಿದ್ದೇನೆ; ಅದು ಜೀವಕ್ಕೆ ಅಪಾಯಕಾರಿ.

ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ಬರುವಾಗ ಅಲ್ಲಿಂದ ಆಂಪ್ ತಂದುಕೊಟ್ಟರೆ, ಪ್ಲಗ್ ಹಾಕುವ ಮುನ್ನ ಹಿಂಬದಿಯ ಚೀಟಿ ಓದಬೇಕು. ಅಲ್ಲಿ 100–240 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ. ಬರೀ 120 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ನಮ್ಮ 230 ವೋಲ್ಟ್‌ಗೆ ನೇರವಾಗಿ ಚುಚ್ಚಿದಾಗ ಫ್ಯೂಸ್ ಹಾರುತ್ತದೆ, ಅದೃಷ್ಟ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ ಕೂಡ ಸುಡುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಅದಕ್ಕೆ ಸಾಕಷ್ಟು ವ್ಯಾಟ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬೆಲೆ ಮತ್ತು ತೂಕ ಸೇರಿಸಿದರೆ ಅಲ್ಲಿ ಉಳಿದ ಹಣದಲ್ಲಿ ಒಂದು ಪಾಲು ಇಲ್ಲಿ ಖರ್ಚಾಗುತ್ತದೆ.

ಆರ್ಕೆಸ್ಟ್ರಾದಲ್ಲಿ, ಚರ್ಚಿನಲ್ಲಿ ನುಡಿಸುವವರು ಜೋರಾದ ಆಂಪ್ ಕೇಳುವುದು ನ್ಯಾಯವೇ. ಆದರೂ ಗಣೇಶೋತ್ಸವದ, ರಾಜ್ಯೋತ್ಸವದ ವೇದಿಕೆಯಲ್ಲಿ ಜನರಿಗೆ ಕೇಳಿಸುವುದು ಸೌಂಡ್‌ನವರ ದೊಡ್ಡ ಸ್ಪೀಕರಿನಿಂದ. ಆಂಪಿನ ಮುಂದೆ ಶ್ಯೂರ್ ಎಸ್‌ಎಂ57ರಂತಹ ಮೈಕ್ ಇಟ್ಟರೆ ಅಥವಾ ಆಂಪಿನ ಸಿಗ್ನಲನ್ನು ಕೇಬಲ್‌ನಲ್ಲಿ ಹೊರಗೆ ಕೊಡುವ ಲೈನ್ ಔಟ್ ಮೂಲಕ ಮಿಕ್ಸರಿಗೆ ಕೊಟ್ಟರೆ, ಡ್ರಮ್ಸ್ ನಡುವೆ ವಾದಕನಿಗೆ ತನ್ನ ಸ್ವರ ಕೇಳಿಸುವಷ್ಟು ಶಕ್ತಿ ಆಂಪಿನಲ್ಲಿದ್ದರೆ ಸಾಕು. 12 ಇಂಚಿನ 40–50 ವ್ಯಾಟ್ ಅದಕ್ಕೆ ಧಾರಾಳವಾಯಿತು. ಅಂಥವರು ಲೈನ್ ಔಟ್ ಇದೆಯೇ, ಮೆಟ್ಟಿಲು ಹತ್ತಿಸಲು ಎಷ್ಟು ಭಾರ ಎಂಬುದನ್ನು ವ್ಯಾಟ್‌ಗಿಂತ ಮೊದಲು ನೋಡಬೇಕು.

ಒಂದೇ ಆಂಪಿನಲ್ಲಿ ತಮ್ಮನ ಬಾಸ್ ಗಿಟಾರ್, ಅಕ್ಕನ ಕೀಬೋರ್ಡ್ ಎಲ್ಲ ನುಡಿಯಲಿ ಎಂದು ಬಯಸುವ ಮನೆಗಳಿವೆ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನ ಮೇಲಿನದನ್ನು ಬೇಕೆಂದೇ ಕುಗ್ಗಿಸುತ್ತದೆ. ಡಿಸ್ಟಾರ್ಷನ್ ಕಿವಿಗೆ ಹಿತವಾಗಿರುವುದು ಅದರಿಂದಲೇ, ಕೀಬೋರ್ಡ್ ಅಥವಾ ಪಿಕಪ್ ಹಾಕಿದ ಪಿಟೀಲು ಮಂಕಾಗುವುದೂ ಅದರಿಂದಲೇ. ಬಾಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಸ್, ಗಿಟಾರಿನದು 82. ಸಣ್ಣ ಗಿಟಾರ್ ಆಂಪಿನಲ್ಲಿ ಬಾಸ್ ಜೋರಾಗಿ ನುಡಿಸಿದರೆ ಸ್ಪೀಕರಿನ ಕೋನ್ ಹಾಳಾಗಬಹುದು.

ಇಷ್ಟೆಲ್ಲ ಆರಿಸಿಕೊಂಡ ಮೇಲೆ ಕೈಯಲ್ಲಿ ಎರಡು ಮೂರು ಸಾವಿರ ರೂಪಾಯಿ ಉಳಿಯುವಂತೆ ನೋಡಿಕೊಳ್ಳಿ. ಚಾನೆಲ್ ಬದಲಿಸುವ ಫುಟ್‌ಸ್ವಿಚ್ ಹೆಚ್ಚಿನ ಆಂಪ್‌ಗಳ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಗಟ್ಟಿಯಾದ ಕೇಬಲ್ಲನ್ನೂ ಬೇರೆಯಾಗಿ ಕೊಳ್ಳಬೇಕಾಗುತ್ತದೆ. ವಾರಂಟಿಯ ಅವಧಿ ಮುಗಿಯುವವರೆಗೆ ಬಿಲ್ಲನ್ನೂ ರಟ್ಟಿನ ಪೆಟ್ಟಿಗೆಯನ್ನೂ ಎಸೆಯಬೇಡಿ.