ಡಾಕ್ಟರ್ ಸಾಹೇಬ್ರ ಸೆನೆಟ್ ದಾರಿ
ರಾತ್ರಿಯೆಲ್ಲ ಅಮೆರಿಕದ ಹಳೇ ರಾಜಕಾರಣಿ ಜೇಕಬ್ ಗ್ಯಾಲಿಂಜರ್ ಬಗ್ಗೆ ಓದ್ತಾ ಕೂತಿದ್ದೆ. 1837ರಲ್ಲಿ ಕೆನಡಾದಲ್ಲಿ ಹುಟ್ಟಿದವ. ಮೊದಲು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸೋ ಕೆಲಸ, ಆಮೇಲೆ ಸಿನ್ಸಿನಾಟಿಯಲ್ಲಿ ವೈದ್ಯ ಪದವಿ, ನ್ಯೂ ಹ್ಯಾಂಪ್‌ಶೈರಿನ ಕಾಂಕರ್ಡ್‌ನಲ್ಲಿ ಹೋಮಿಯೋಪತಿ ಪ್ರಾಕ್ಟೀಸು. ರಾಜ್ಯ ಶಾಸನಸಭೆ, ಸಂಸತ್ತಿನ ಕೆಳಮನೆ ದಾಟಿ 1891ರಿಂದ 1918ರಲ್ಲಿ ಸಾಯೋವರೆಗೂ ಸೆನೆಟರ್, ಅಂದ್ರೆ ಮೇಲ್ಮನೆ ಸದಸ್ಯ. ನಾಡಿ ಹಿಡಿದ ಕೈಗೆ ಜನರ ನಾಡಿಮಿಡಿತವೂ ಸಿಕ್ಕಿರಬೇಕು!

ನನಗೆ ಹಿಡಿಸಿದ್ದು ಬೇರೆಯೇ. 1890ರ ದಶಕದಲ್ಲಿ ಈತ ವಾಷಿಂಗ್ಟನ್‌ನಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಲಗಾಮು ಹಾಕೋ ಮಸೂದೆ ಹಿಡಿದು ನಿಂತ. ಎದುರಿಗೆ ನಿಂತವರೂ ವೈದ್ಯರೇ. ಮುಂದಾಳು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ವೆಲ್ಚ್. ಮಸೂದೆ ಪಾಸಾಗಲೇ ಇಲ್ಲ. ವಿಜ್ಞಾನದ ಮಟ್ಟಿಗೆ ನಾನು ವೆಲ್ಚ್ ಕಡೆಯೇ. ಆದ್ರೂ ಸ್ವಂತ ವೃತ್ತಿಯವರನ್ನೇ ಎದುರು ಹಾಕ್ಕೊಳ್ಳೋಕೆ ಗುಂಡಿಗೆ ಬೇಕಪ್ಪ.