ಡ್ರೈವರ್ ಯಾವ ಕಡೆ ಕೂರುತ್ತಾನೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾಕ್ರಮೆಂಟೊದ ರೈಲ್ವೆ ಮ್ಯೂಸಿಯಂನಲ್ಲಿ 4294 ನಂಬರಿನ ಉಗಿ ಇಂಜಿನ್ ಒಂದಿದೆ. ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಗಾಗಿ 1944ರಲ್ಲಿ ತಯಾರಾಗಿದ್ದು. ಇದರ ಕ್ಯಾಬ್, ಅಂದರೆ ಡ್ರೈವರ್ ಕೂರುವ ಕೋಣೆ, ಮಾಮೂಲಿನಂತೆ ಬಾಯ್ಲರ್‌ನ ಹಿಂದೆ ಇಲ್ಲ, ಮುಂದಿದೆ. ಸಿಯೆರಾ ನೆವಾಡಾ ಬೆಟ್ಟಸಾಲಿನ ಸುರಂಗಗಳಲ್ಲಿ, ಹಿಮ ಬೀಳದಂತೆ ಹಳಿಯ ಮೇಲೆ ಕಟ್ಟಿದ್ದ ಉದ್ದುದ್ದ ಛಾವಣಿಗಳ ಒಳಗೆ ಹೊಗೆ ತುಂಬಿ ಸಿಬ್ಬಂದಿಗೆ ಉಸಿರು ಕಟ್ಟುತ್ತಿತ್ತು, ಅದಕ್ಕೇ ಇಡೀ ಇಂಜಿನ್ನನ್ನು ತಿರುಗಿಸಿಟ್ಟ ಹಾಗೆ ಕಟ್ಟಿದರು. ಎಣ್ಣೆ ಉರಿಸುವ ಇಂಜಿನ್ ಆದ್ದರಿಂದ ಇದು ಸಾಧ್ಯವಾಯಿತು. ಕಲ್ಲಿದ್ದಲಾಗಿದ್ದರೆ ಹಿಂದಿನ ಟೆಂಡರಿನಿಂದ, ಅಂದರೆ ಇಂಧನದ ಗಾಡಿಯಿಂದ, ಅಷ್ಟು ದೂರ ಮುಂದಕ್ಕೆ ಹೊತ್ತು ತರುವವರು ಯಾರು?

ನಾನು ಹತ್ತಿದಾಗ ಕ್ಯಾಬ್ ಒಳಗೆ ಜನವೋ ಜನ. ಎಲ್ಲರೂ ಬಲಗಡೆಯ ಸೀಟಿನ ಫೋಟೊ ತೆಗೆಯುವವರೇ. ಥ್ರಾಟಲ್, ಬ್ರೇಕ್ ಎಲ್ಲ ಅಲ್ಲೇ ಇವೆ. ಎಡಗಡೆ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಸೀಟು, ಅತ್ತ ಯಾರೂ ತಿರುಗಿ ನೋಡುವುದಿಲ್ಲ, ಪಾಪ. ನಮ್ಮಲ್ಲಿ ಲೋಕೋ ಪೈಲಟ್ (ರೈಲಿನ ಡ್ರೈವರ್) ಎಡಗಡೆ ಕೂರುವುದನ್ನೇ ನೋಡಿದ ಕಣ್ಣಿಗೆ ಇದು ಕನ್ನಡಿಯಲ್ಲಿ ನೋಡಿದ ಹಾಗಿತ್ತು.

ಅಲ್ಲಿದ್ದ ವಯಸ್ಸಾದ ಸ್ವಯಂಸೇವಕರೊಬ್ಬರನ್ನು ಕೇಳಿದೆ, ಎದುರಿಗೆ ಬಾಯ್ಲರ್ ಅಡ್ಡ ಇಲ್ಲವಲ್ಲ, ಆದರೂ ಬಲಗಡೆಯೇ ಯಾಕೆ ಸರ್? ಅವರು ಬಲಗಡೆ ಕಿಟಕಿಯ ಆಚೆ ಬೆರಳು ತೋರಿಸಿದರು. ‘ಸಿಗ್ನಲ್ ಕಂಬ ಅಲ್ಲಿರುತ್ತಿತ್ತು.’ ಅಷ್ಟೇ ಉತ್ತರ. ಅಮೆರಿಕದಲ್ಲಿ ಜೋಡಿ ಹಳಿ ಇದ್ದರೆ ರೈಲು ಸಾಮಾನ್ಯವಾಗಿ ಬಲಹಳಿಯಲ್ಲಿ ಓಡುತ್ತದೆ, ಸಿಗ್ನಲ್ ಕೂಡ ಹೆಚ್ಚಾಗಿ ಬಲಕ್ಕೇ. ನಮ್ಮಲ್ಲಿ ಎರಡೂ ಎಡಕ್ಕೆ. ಆದರೆ ಎಲ್ಲ ಕಡೆ ಇಷ್ಟು ಸಲೀಸಾಗಿ ಹೊಂದುವುದಿಲ್ಲ. ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆಯವರು ಎಡಹಳಿಯಲ್ಲಿ ರೈಲು ಓಡಿಸುತ್ತ ಡ್ರೈವರನ್ನು ಮಾತ್ರ ಬಲಗಡೆಯೇ ಕೂರಿಸಿದರು. ರೂಢಿ ಒಮ್ಮೆ ಕೂತರೆ ಏಳುವುದಿಲ್ಲ, ಅಲ್ವಾ?

ನನಗೆ ಹಿಡಿಸಿದ್ದು ಎಡಗಡೆಯ ಆ ಖಾಲಿ ಫೈರ್‌ಮನ್ ಸೀಟು. ಮಾಮೂಲಿ ಉಗಿ ಇಂಜಿನ್‌ನಲ್ಲಿ ಡ್ರೈವರ್ ಬಲಗಡೆ ಕೂತಿದ್ದು ಹಳಿ ಎಡಕ್ಕೆ ತಿರುಗಿತು ಅಂದರೆ ಅವನಿಗೆ ಕಾಣುವುದು ಬಾಯ್ಲರ್ ಮಾತ್ರ. ಆಗ ಎಡಗಡೆಯವನು ಸಿಗ್ನಲ್ ನೋಡಿ ಕೂಗಬೇಕು, ಇವನು ಆ ಮಾತು ನಂಬಿ ಗಾಡಿ ಬಿಡಬೇಕು. ನಮ್ಮಲ್ಲಿ ಇವತ್ತಿಗೂ ಲೋಕೋ ಪೈಲಟ್ ಮತ್ತು ಸಹಾಯಕ ಇಬ್ಬರೂ ಪ್ರತಿ ಸಿಗ್ನಲ್ ಬಂದಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಸುಮ್ನೆ ಶಾಸ್ತ್ರಕ್ಕೆ ಅಂದುಕೊಳ್ಳಬೇಡಿ. ಒಂದೇ ಕ್ಯಾಬ್ ಇರುವ ನಮ್ಮ ಡೀಸೆಲ್ ಇಂಜಿನ್ ಯಂತ್ರಗಳಿರುವ ಉದ್ದನೆಯ ಮೂತಿ ಮುಂದೆ ಮಾಡಿ ಓಡುವಾಗ ಅದೇ ಹಳೇ ತಾಪತ್ರಯ ಮತ್ತೆ ಶುರು. ಒಳಗೆ ಎರಡು ದಿಕ್ಕಿಗೂ ಒಂದೊಂದು ಕಂಟ್ರೋಲ್ ಸ್ಟ್ಯಾಂಡ್ ಇಟ್ಟಿರುತ್ತಾರೆ, ಡ್ರೈವರ್ ಜಾಗ ಬದಲಿಸಬಹುದು. ಮೂತಿ ಮಾತ್ರ ಅಡ್ಡ ಇದ್ದೇ ಇರುತ್ತದೆ, ಬಲಗಡೆಯವನು ಕೂಗಲೇಬೇಕು.